ಗುಡಾಣನ ನಗು

“ಮತ್ತೆ ಕತ್ತಲೆ. ಹೋದ ಸಂಚಿಕೆ ಕತ್ತಲೆ, ಅದರ ಹಿಂದಿನದೂ ಕತ್ತಲೆ. ಶಾಯಿಗೆ ಬಾವಿ ಏನಾದ್ರೂ ತೋಡಿಸಿದ್ದೀಯಾ?” ಭಾವ ಚಿತ್ರದ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದ.

ಬಾಮೈದ ಕುಂಚದಿಂದ ತಲೆ ಎತ್ತಲಿಲ್ಲ. “ಪಾತಾಳದಲ್ಲಿ ಬೀದಿದೀಪ ಇರಲ್ಲ ಭಾವ.”

“ಪಾತಾಳ ಬರೆದವನು ನಾನು, ಅಲ್ಲಿ ಏನಿರುತ್ತೆ ಅಂತ ನೀನು ಹೇಳಿಕೊಡಬೇಡ. ಗುಡಾಣ ಎಲ್ಲಿ? ಹೆಣಗಳ ಸಾಲಿನ ಮಧ್ಯೆ ಸೀನಬೇಕು, ಹೆಣಗಳ ಹತ್ತಿರ ಕ್ಷಮೆ ಕೇಳಬೇಕು, ಹಲ್ಲು ಕಿರೀಬೇಕು. ಇಲ್ಲಿ ಬರೀ ಬೆನ್ನು ಕಾಣ್ತಿದೆ.”

ಗುಡಾಣ ಅವರ ಚಿತ್ರಕಥೆಯ ಪುಕ್ಕಲು ರಾಕ್ಷಸ. ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಪಾತಾಳಕ್ಕಿಳಿದ ಹುಡುಗಿಯ ಸೆರಗು ಹಿಡಿದು ಹೋಗುವವನು. ಅವಳ ಕಥೆ ಎದೆ ನಡುಗಿಸುವಂಥದು. ಗುಡಾಣ ಅಲ್ಲಲ್ಲಿ ನಗಿಸದಿದ್ದರೆ ಮಕ್ಕಳಿರಲಿ, ದೊಡ್ಡವರೂ ಪುಟ ತಿರುವುತ್ತಿರಲಿಲ್ಲ. ಭಾವ ಕಥೆ ಬರೆಯುತ್ತಿದ್ದ, ಬಾಮೈದ ಚಿತ್ರ ಬಿಡಿಸುತ್ತಿದ್ದ, ಅಕ್ಕ ಬಣ್ಣ ತುಂಬುತ್ತಿದ್ದಳು. ಮೂವರ ಹೊಟ್ಟೆಪಾಡೂ ಆ ಡೊಳ್ಳುಹೊಟ್ಟೆಯವನ ಮೇಲಿತ್ತು. ಈಗ ಸಂಪಾದಕ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಮುಂದಿನ ಸಂಚಿಕೆಯಲ್ಲಿ ನಗು ಬರದಿದ್ದರೆ ಸರಣಿ ನಿಲ್ಲುತ್ತದೆ.

“ಒಂದು ಮುಖ ತಾನೆ, ಬಿಡಿಸಿಕೊಡೋ,” ಕಿಟಕಿಯ ಬಳಿ ಬಣ್ಣ ಕಲಸುತ್ತಿದ್ದ ಅಕ್ಕ ಅಂದಳು.

“ಹೆಣದ ಮಧ್ಯೆ ಯಾರಾದ್ರೂ ನಗ್ತಾರಾ ಅಕ್ಕ?”

“ನಮ್ಮ ಮದುವೆಯಲ್ಲಿ ಗೊಳೋ ಅಂತ ಅತ್ತವನು ನೀನು. ಎಲ್ಲಿ ನಗಬೇಕು ಅಂತ ನಿನಗೇನು ಗೊತ್ತು,” ಅಂದ ಭಾವ.

ಬಾಮೈದ ಅದಕ್ಕೂ ನಗಲಿಲ್ಲ. ಭಾವನ ಪಿತ್ತ ನೆತ್ತಿಗೇರಿತು. ಅವನ ಕೈಯಿಂದ ಕುಂಚ ಕಿತ್ತುಕೊಂಡು ಸಣ್ಣ ಮೊನೆಯ ಪೆನ್ನು ತುರುಕಿದ. “ಈಗಲೇ ಬಿಡಿಸು, ನನ್ನ ಕಣ್ಣೆದುರು. ಸೋಮಾರಿತನಕ್ಕೆ ಕತ್ತಲೆ ಅಂತ ಹೆಸರಿಡಬೇಡ.”

ಬಾಮೈದ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅಮುಕಿ ಹಿಡಿದ. ಹೊಟ್ಟೆ ಬಂತು, ತುಸು ಸೊಟ್ಟಗೆ. ಕೋರೆಹಲ್ಲೂ ಬಂತು. ಗುಡಾಣನ ನಗೆಯೆಲ್ಲ ಇದ್ದದ್ದು ತುಟಿಯ ತುದಿಯಲ್ಲಿ, ಕೂದಲೆಳೆಯಂಥ ಗೆರೆ ಮೇಲಕ್ಕೆ ತಿರುಗುವ ಕಡೆ. ಅಲ್ಲಿಗೆ ಬಂದಾಗ ಪೆನ್ನು ತಟತಟ ಕುಣಿಯಿತು. ಗೆರೆ ಗರಗಸವಾಯಿತು. ಮತ್ತೊಂದು ಮುಖ ಬಿಡಿಸಿದ, ಅದೂ ಅಷ್ಟೇ. ಹಾಳೆಯ ಮೇಲಿದ್ದವನು ಅಳು ನುಂಗಿಕೊಂಡ ಯಾರೋ ಮುದುಕ.

ದಪ್ಪ ಕುಂಚದಲ್ಲಿ ಕಪ್ಪು ಬಳಿದರೆ ನಡುಗುವ ಕೈ ಕಾಣುವುದಿಲ್ಲ. ಭಾವನಿಗೆ ಈಗ ಹೊಳೆಯಿತು.

“ಯಾವಾಗಿಂದ?” ಅಕ್ಕ ಬಣ್ಣದ ಬಟ್ಟಲು ಕೆಳಗಿಟ್ಟಳು.

“ಗುಡಾಣ ಬೆನ್ನು ತಿರುಗಿಸಿದ್ದು ಯಾವಾಗ ನೋಡು, ಆವಾಗಿಂದ.”

“ಡಾಕ್ಟರು ಏನಂತಾರೆ?”

“ಇನ್ನೂ ಹೆಚ್ಚಾಗುತ್ತೆ ಅಂತಾರೆ. ಮಾತ್ರೆ ಕೊಟ್ಟಿದ್ದಾರೆ, ನುಂಗ್ತಿದ್ದೀನಿ.”

“ಗುಡಾಣನ ಮುಖಾನ ಏನಾದ್ರೂ ಮಾಡಿ ಮುಚ್ಚಿಸ್ತೀನಿ,” ಭಾವ ಗಡಿಬಿಡಿಯಲ್ಲಿ ಅಂದ. “ಶಾಪ ಅನ್ನೋಣ. ಚೀಲದೊಳಗೆ ತಲೆ ಸಿಕ್ಕಿಕೊಂಡಿದೆ ಅನ್ನೋಣ. ಕಥೆ ನನ್ನ ಕೈಲಿದೆ ತಾನೆ.”

“ಒಂದು ವಾರ ನಗ್ತಾರೆ ಭಾವ. ಆಮೇಲೆ ಚೀಲ ತೆಗೀರಿ ಅಂತಾರೆ.” ಬಾಮೈದ ಪೆನ್ನನ್ನು ಒರೆಸಿಟ್ಟ. “ಬೇರೆಯವರ ಕೈಲಿ ಬಿಡಿಸಿ. ನನ್ನಿಂದ ಸರಣಿ ನಿಲ್ಲೋದು ಬೇಡ.”

ಬೈಯೋಣವೆಂದರೆ ಭಾವನಿಗೆ ಬೈಯಲು ಯಾರೂ ಉಳಿದಿರಲಿಲ್ಲ.

“ಊಟ ಮಾಡ್ಕೊಂಡು ಹೋಗೋ,” ಅಂದಳು ಅಕ್ಕ.

“ಹಸಿವಿಲ್ಲ.” ಬಾಮೈದ ಚಪ್ಪಲಿ ಮೆಟ್ಟಿದ. ಚಿಲಕದ ಮೇಲೆ ಅವನ ಬೆರಳು ನಿಲ್ಲಲಿಲ್ಲ. ಜಾರಿತು, ಮತ್ತೆ ಜಾರಿತು. ಎದ್ದು ತೆಗೆದುಕೊಡಬೇಕೋ, ಕಾಣದವನಂತೆ ಕೂರಬೇಕೋ ಭಾವನಿಗೆ ತಿಳಿಯಲಿಲ್ಲ. ಅರ್ಧ ಎದ್ದ, ಹಾಗೇ ನಿಂತ. ಕೊನೆಗೆ ಬಾಗಿಲು ತೆರೆದುಕೊಂಡಿತು. ಬಾಮೈದ ಮೆಟ್ಟಿಲಿಳಿದು ಹೋದ. ಅಕ್ಕ ಎಷ್ಟು ಹೇಳಿ ಕಳಿಸಿದರೂ ಆ ಮನೆಗೆ ಮತ್ತೆ ಕಾಲಿಡಲಿಲ್ಲ.