ತೂತಿಲ್ಲದ ಎಲೆಗಳು

ನನಗೆ ಗಿರಾಕಿಗಳೆಂದರೆ ಅಳುಕು. ಅವರು ಬಂದರೆ ಮರೆಗೆ ಸರಿದುಬಿಡುತ್ತೇನೆ. ಇವತ್ತೂ ಹಾಗೇ ಆದರೆ ಒಂದು ಶಾಲೆಯ ಮಕ್ಕಳು ಮೋಸಹೋಗುತ್ತಾರೆ.

ನಮ್ಮದು ಗಿಡ ಮಾರುವ ನರ್ಸರಿ. ‘ಚಿಟ್ಟೆ ಕರೆಯುವ ಗಿಡಗಳು’ ಎಂಬ ಬೋರ್ಡು ಬರೆದವಳು ನಾನೇ. ಎಲೆಯಲ್ಲಿ ತೂತು ಕಂಡರೆ ಜನ ಸಸಿ ಮುಟ್ಟುವುದಿಲ್ಲ. ಅದಕ್ಕೇ ಅಪ್ಪ ನಿಂಬೆ ಸಸಿಗಳ ಬುಡಕ್ಕೆ ಹುಳುವಿನ ಔಷಧಿ ಸುರಿದು, ಮಾರುವ ದಿನ ಬೆಳಿಗ್ಗೆ ಎಲೆಗಳನ್ನು ಪೈಪಿನ ನೀರಲ್ಲಿ ತೊಳೆಯುತ್ತಾರೆ. ಚಿಟ್ಟೆಯ ಮರಿಹುಳು ತಿನ್ನಬೇಕಾದದ್ದು ಅದೇ ಎಲೆಯನ್ನು.

ಅಕ್ಕನ ಮಗಳು ಚಪ್ಪಲಿ ಡಬ್ಬಿಯಲ್ಲಿ ಸಾಕಿದ ಹುಳುಗಳಿಗೂ ನಮ್ಮ ಎಲೆಯೇ ಊಟ. ಕೆಲವು ತಿನ್ನುವುದನ್ನೇ ಬಿಟ್ಟು ಸೊರಗಿದವು. ಕೆಲವು ಕೋಶದೊಳಗೇ ಕಪ್ಪಾದವು. ಇವತ್ತು ಬೆಳಿಗ್ಗೆ ಒಂದು ಮಾತ್ರ ಚಿಟ್ಟೆಯಾಗಿ ಹೊರಬಂತು. ಮುದುಡಿದ ರೆಕ್ಕೆ ಬಿಚ್ಚಿಕೊಳ್ಳಲೇ ಇಲ್ಲ.

“ಚಿಕ್ಕಮ್ಮಾ, ಇದಕ್ಕೆ ಇಸ್ತ್ರಿ ಮಾಡಕ್ಕಾಗಲ್ವಾ?” ಎಂದಳು.

ಡಬ್ಬಿಯನ್ನು ಅಪ್ಪನ ಮುಂದೆ ಇಟ್ಟೆ.

“ಅಪ್ಪಾ, ಇದು ನಮ್ಮ ಔಷಧಿ ಕೆಲಸ.”

“ಎಲೆ ತೊಳೆದೇ ಕೊಟ್ಟಿದ್ನಲ್ಲೇ!”

“ಬುಡಕ್ಕೆ ಹಾಕಿದ್ದು ಎಲೆಯೊಳಗೇ ಏರಿರುತ್ತಪ್ಪ. ತೊಳೆದ್ರೆ ಹೋಗಲ್ಲ. ಹುಳು ತಕ್ಷಣ ಸಾಯದಿದ್ರೂ ಅದರ ಬೆಳವಣಿಗೆ ಕೆಡುತ್ತೆ.”

“ಓಹೋ, ಡಿಗ್ರಿ ಮಾತಾಡ್ತಿದೆ! ತೂತು ಬಿದ್ದ ಗಿಡ ನೀನೇ ಮಾರು ತಾಯಿ, ನೋಡೋಣ. ಗಿರಾಕಿ ಬಂದ್ರೆ ಗೊಬ್ಬರದ ಮೂಟೆ ಹಿಂದೆ ಅವಿತ್ಕೋತೀಯ.”

ಸುಳ್ಳೇನಲ್ಲ.

ಅಷ್ಟರಲ್ಲಿ ಶಾಲೆಯ ಟೀಚರ್ ಟೆಂಪೋ ತಂದರು.

“ಮೊಟ್ಟೆಯಿಂದ ರೆಕ್ಕೆವರೆಗೂ ಮಕ್ಕಳು ಕಣ್ಣಾರೆ ನೋಡ್ಲಿ ಅಂತ ಚಿಟ್ಟೆತೋಟ ಮಾಡ್ತಿದೀವಿ. ಅಬ್ಬಾ, ಎಲೆ ಎಷ್ಟು ಚೆನ್ನಾಗಿದೆ! ಒಂದು ಹುಳೂ ಮುಟ್ಟಿಲ್ಲ.”

“ನಮ್ಮ ಗಿಡ ಅಂದ್ರೆ ಹಾಗೇ ಮೇಡಂ,” ಅಪ್ಪ ನಕ್ಕರು. ಸಸಿಗಳು ಟೆಂಪೋ ಏರತೊಡಗಿದವು.

ಇದನ್ನು ಓದುತ್ತಿರುವ ನೀವೂ ನಾಳೆ ಗಿಡ ಕೊಳ್ಳುವವರೇ. ಹಸಿರು ಮಿಂಚುತ್ತಿದೆಯೆಂದು ಮರುಳಾಗಬೇಡಿ. ಔಷಧಿ ಹಾಕಿದ್ದೀರಾ, ಯಾವಾಗ, ಎಲೆಗೋ ಬುಡಕ್ಕೋ ಎಂದು ಬಾಯಿಬಿಟ್ಟು ಕೇಳಿ. ಹುಳು ಕಚ್ಚಿದ ಎಲೆಯನ್ನು ಬೇಡವೆನ್ನಬೇಡಿ. ಚಿಟ್ಟೆಗೆಂದು ನೆಟ್ಟ ಗಿಡಕ್ಕೆ ಮನೆಯಲ್ಲೂ ಸಿಂಪಡಿಸಬೇಡಿ. ನೀವು ಕೇಳದಿದ್ದರೆ ನಮ್ಮಂಥವರು ಹೇಳುವುದಿಲ್ಲ.

ಟೀಚರ್ ಕೇಳಲಿಲ್ಲ. ಅಪ್ಪ ಟೆಂಪೋದ ಹಿಂಬಾಗಿಲು ಎತ್ತಿ ಹಾಕಿದರು.

“ಮೇಡಂ,” ಎಂದೆ. ಯಾರಿಗೂ ಕೇಳಿಸಲಿಲ್ಲ. ಟೆಂಪೋದ ಎದುರಿಗೇ ಹೋಗಿ ನಿಂತೆ.

“ಇಳಿಸಿಬಿಡಿ ಮೇಡಂ. ಇದಕ್ಕೆ ನಾವು ವಿಷ ಹಾಕಿದ್ದೀವಿ.”