ಪುಂಡಿ ನಾರಿನ ಅಂಚು

ಆಯಿಯ ಹೆಬ್ಬೆರಳು ಅಂಚಿನ ಮೇಲೆ ಸರಿಯುತ್ತಿದೆ, ಒಣ ಎಲೆ ನೆಲಕ್ಕೆ ತಾಗಿ ಜರುಗಿದ ಹಾಗೆ ಸದ್ದು, ಅಪ್ಪನ ಅವ್ವ ಅವಳು, ಕಣ್ಣು ಮಂಜಾಗಿ ಎಲ್ಲವನ್ನೂ ಬೆರಳಿನಿಂದಲೇ ನೋಡುತ್ತಾಳೆ, ನಾಳೆ ಬುದ್ಧನ ಮುಂದಿನ ಮದುವೆಗೆ ನನ್ನ ಅಕ್ಕ ಸುಮನ ಉಡುವ ಬಿಳಿ ಸೀರೆಯನ್ನೂ ಹೀಗೇ, ಕಾಲು ಚಾಚಿ ತೊಡೆಯ ಮೇಲೆ ಹರವಿಕೊಂಡು, ಒಂದು ತುದಿಯಿಂದ — ಮದುವೆಯ ಸೀರೆ ಆಯಿಯ ಕೈ ದಾಟದೆ ನಮ್ಮ ಮನೆಯಲ್ಲಿ ಪೆಟ್ಟಿಗೆ ಸೇರುವುದಿಲ್ಲ — ಈಗ ಹತ್ತಿ ದಾರದ ಲೇಸಿನ ಮೇಲಿದ್ದಾಳೆ, ನುಣ್ಣಗಿದೆ, ತಲೆ ಆಡಿಸುತ್ತಾಳೆ, ಚಲೋ ಹೆಣೆದೀ ಪೋರಿ ಅನ್ನುತ್ತಾಳೆ, ಬೆರಳು ಸೆರಗಿನ ಕಡೆ ಬರುತ್ತಿದೆ, ಸೆರಗಿನಲ್ಲಿ ಹತ್ತಿ ಇಲ್ಲ, ಸೆರಗಿನಲ್ಲಿ ಇರುವುದು ಪುಂಡಿ ಗಿಡದ ನಾರು, ಈ ಮನೆಯೊಳಗೆ ಬರಬಾರದು ಎಂದು ಆಯಿ ಒಲೆಗೆ ಹಾಕಿ ಸುಟ್ಟ ಅದೇ ಹಗ್ಗದ ನಾರು, ನಾನು ಈಗಲೇ ಹೇಳಬೇಕು, ನಾಲಿಗೆ ಏಳುತ್ತಿಲ್ಲ, ಸಾಲಿಯಲ್ಲೂ ಹೀಗೇ, ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ನಿಂತು ನಿಂತು ಕೊನೆಗೆ ಸಾಲಿಯನ್ನೇ ಬಿಟ್ಟೆ. ಪುಂಡಿ ಪಲ್ಯ ಎಲ್ಲರೂ ಉಣ್ಣುತ್ತೇವೆ, ನಾರಿನ ಹೆಸರು ಮಾತ್ರ ಎತ್ತುವುದಿಲ್ಲ, ಆಯಿ ಎತ್ತಿದ್ದು ಒಂದೇ ಸಲ, ಬಚ್ಚಲಲ್ಲಿ ಬೆನ್ನಿಗೆ ನೀರು ಹಾಕುವಾಗ ಅವಳ ಬಲತೊಡೆಯ ಮೇಲೆ ಅಂಗೈಯಷ್ಟು ಜಾಗ ಕೂದಲಿಲ್ಲದೆ, ತಿಕ್ಕಿದ ತಂಬಿಗೆಯಂತೆ ನುಣ್ಣಗೆ ಹೊಳೆಯುತ್ತಿತ್ತು, ಇದೇನಾಯಿ ಅಂದೆ, ಗೌಡರ ಎತ್ತಿಗೆ ಪುಂಡಿ ಹಗ್ಗಾ ಹೊಸೆದ ಜಾಗಾ, ಹೊಸೆದು ಒಯ್ದರ ಕೈಯಾಗ ತಗೋತಿರಲಿಲ್ಲ, ಅಲ್ಲೇ ಒಗಿ ಅಂತಿದ್ರು, ನೀರು ಚಿಮುಕಿಸಿ ಎತ್ತಿಕೋತಿದ್ರು, ಹಾಕ ನೀರು, ಥಂಡಿ ಹತ್ತತದ.

ಅದು ಗೊತ್ತಿದ್ದೂ ನಾನು — ಯಾಕೆ, ಕೈ ಸುಮ್ಮನಿರುವುದಿಲ್ಲ ಅಷ್ಟೇ, ಬೀದರದಲ್ಲಿ ನಿಖತ ಆಪಾನ ಫಾಲ್-ಪಿಕೋ ಅಂಗಡಿಯಲ್ಲಿ ಕೆಲಸ, ಲೇಸು ಕಲಿಸಿದವಳೂ ಅವಳೇ, ಪುಟ್ಟ ದೋಣಿಯಂಥ ಶಟಲಿಗೆ ದಾರ ಸುತ್ತಿ ಬೆರಳ ಮೇಲಿನ ದಾರಕ್ಕೆ ಗಂಟು ಹಾಕುತ್ತ ಉಂಗುರ ಕಟ್ಟಬೇಕು, ಪ್ರತಿ ಗಂಟೂ ಶಟಲಿನ ದಾರದಿಂದ ಬೆರಳ ದಾರಕ್ಕೆ ಮಗುಚಿಕೊಳ್ಳಬೇಕು, ಆಗಲೇ ಎಳೆದರೆ ಉಂಗುರ ಮುಚ್ಚುತ್ತದೆ, ಒಂದು ಮಗುಚದಿದ್ದರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಹತ್ತಿಯಲ್ಲಿ ಅದು ಸಲೀಸು, ಆದರೆ ಹತ್ತಿ ಒಂದು ಸಲ ತೊಳೆದರೆ ಮಲಗಿಬಿಡುತ್ತದೆ, ನನಗೆ ನಿಲ್ಲುವ ಲೇಸು ಬೇಕಿತ್ತು, ಬಿದ್ರಿ ಕೆಲಸದವರಲ್ಲಿ ಬೇಡಿ ತಂದ ಬೆಳ್ಳಿ ತಂತಿ ಪಟ್ಟನೆ ಮುರಿಯಿತು, ಗಾಳಿಪಟದ ಮಾಂಜಾ ಬೆರಳು ಕೊಯ್ದಿತು, ಅಣ್ಣ ಕೊಳಾರದ ಗೋದಾಮಿನಿಂದ ತಂದ ಚೀಲ ಹೊಲಿಯುವ ದಾರದಲ್ಲಿ ಗಂಟೇ ನಿಲ್ಲಲಿಲ್ಲ, ಆಪಾ ನಗುತ್ತಾಳೆ, ನಾಳಿ ಎಮ್ಮಿ ಬಾಲಾ ಹಿಡಕೊಂಡು ಬರ್ತೀ ನೀ, ಎಮ್ಮಿ ಸಮೇತ. ಔರಾದದ ಬಸ್ಸಿನ ಕಿಟಕಿಯಲ್ಲಿ ಹೊಲದ ಬದುವಿಗೆ ನಿಂತ ಪುಂಡಿಯ ಸಾಲು, ಎಲೆ ಕಿತ್ತ ಬೋಳು ಕಡ್ಡಿ, ಅದೇ — ಕಿತ್ತು ತಂದು ಹಿತ್ತಲ ಡ್ರಮ್ಮಿನ ನೀರಿನಲ್ಲಿ ಕೊಳೆಹಾಕಿ ಮುಚ್ಚಿಟ್ಟೆ, ಇಲಿ ಸತ್ತದ ನೋಡು ಎಲ್ಲೋ ಅಂತ ಅವ್ವ ಮನೆಯೆಲ್ಲ ಹುಡುಕಿದಳು, ಬಿಡಿಸಿ ತೊಳೆದ ನಾರು ತೆಳು ಜೇನಿನ ಬಣ್ಣ, ಒಣಗಿದ್ದರೆ ಉಂಗುರ ಮುಚ್ಚುವುದೇ ಇಲ್ಲ, ಬಾಯಲ್ಲಿಟ್ಟು ನೆನೆಸಿದರೆ ಜಾರುತ್ತದೆ, ಮುಚ್ಚಿ ಒಣಗಿದ ಮೇಲೆ ಕಲ್ಲಿನ ಜಾಲಂದ್ರದ ಹಾಗೆ ನಿಲ್ಲುತ್ತದೆ, ಸುಮನಕ್ಕ ಕಂಡವಳೇ ಸೆರಗಿಗೆ ಇದೇ ಇರಲಿ, ಅತ್ತಿ ಮನಿ ಭಾಲ್ಕಿಯವರು ನೋಡಬೇಕ, ಹೈದರಾಬಾದದಿಂದ ತರಿಸೀ ಏನ ಅಂದಳು, ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ಈಗ ಆಯಿ ಇದನ್ನು ಕೀಳು ಅಂದರೆ ಕೀಳಬೇಕು, ಅಕ್ಕ ಬೋಳು ಸೆರಗಿನಲ್ಲಿ ಹೋಗುತ್ತಾಳೆ, ಆದರೆ ಕಿತ್ತರೂ ಹೋಗದು, ಹಗ್ಗವನ್ನು ಬಿಳಿ ಸೀರೆಗೆ ತಂದವಳು ನಾನೇ ಆಗಿ ಉಳಿಯುತ್ತೇನೆ, ಕತ್ತರಿ ಅಲ್ಲೇ ಇದೆ, ಸೀರೆ ಎಳೆದುಕೊಂಡರೆ —

ಬೆರಳು ನಿಂತಿತು. ಹತ್ತಿ ಮುಗಿದಲ್ಲೇ. ಹಿಂದೆ ಹೋಯಿತು, ಮತ್ತೆ ಬಂತು, ಉಂಗುರದೊಳಗೆ ಉಗುರು ಇಳಿಯಿತು, ಆಯಿ ಅಂಚನ್ನು ಮೂಗಿಗೆ ಹಿಡಿದಳು, ಎಷ್ಟು ತೊಳೆದಿದ್ದೆ, ಆದರೂ, ಅವಳಿಗೆ ಆ ಕೊಳೆತ ನೀರಿನ ವಾಸನೆ ಸಿಗದೆ ಇರುತ್ತದೆಯೇ, ಇದನ್ನ ಯಾರು ನೆನಿಹಾಕ್ಯಾರ ಅಂದಳು, ಮೆಲ್ಲಗೆ, ನಾ ಆಯಿ ಅಂದೆ, ಅಂದೆನೋ ಇಲ್ಲವೋ, ಹೊರಗೆ ಅವ್ವ ಯಾರನ್ನೋ ಚಾಕ್ಕೆ ಕರೆಯುತ್ತಿದ್ದಾಳೆ, ಆಯಿ ಕೊನೆಯಲ್ಲಿ ನಾನು ಅಡಗಿಸದೆ ಬಿಟ್ಟ ಎಳೆಯೊಂದನ್ನು ಹುಡುಕಿ ಹಿಡಿದಿದ್ದಾಳೆ, ಕೀಳುತ್ತಾಳೆ, ಕೀಳಲಿ, ಕೀಳಲಿಲ್ಲ, ನಾಲಿಗೆಗೆ ಹಚ್ಚಿ ಒದ್ದೆ ಮಾಡಿದಳು, ಹುರಿ ಕಮ್ಮಿ ಆಗ್ಯದ, ಭಾಲ್ಕಿ ಮುಟ್ಟೋದ್ರಾಗ ಬಿಚ್ಚಿಕೊಂಡು ಹೋಗ್ತದ ಅಂದಳು, ಉಟ್ಟ ಸೀರೆಯನ್ನು ಮೇಲಕ್ಕೆ ಸರಿಸಿದಳು, ಬಲತೊಡೆ, ಆ ನುಣ್ಣನೆಯ ಜಾಗ, ಅದರ ಮೇಲೆ ಎಳೆ, ಎಳೆಯ ಮೇಲೆ ಅಂಗೈ, ಅಂಗೈ ಮುಂದಕ್ಕೆ, ಮತ್ತೆ ಮುಂದಕ್ಕೆ, ಹುರಿ ಏರುತ್ತಿದೆ, ಅವಳ ತೊಡೆಯ ಮೇಲೆ ಬಿಳಿ ಸೆರಗು, ಹೊಳೆಯುವ ಆ ಜಾಗ, ಆ ಜಾಗ.