ಹ್ಞೂಂ ಅಂದವಳ ಕೌದಿ

ನಾನು ಒಂದು ಕೌದಿ. ಹುಬ್ಬಳ್ಳಿಯ ನೀಲವ್ವ ಒಂಬತ್ತು ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೂರು ತಿಂಗಳು ಸೂಜಿ ಆಡಿಸಿ ನನ್ನನ್ನು ಹುಟ್ಟಿಸಿದಳು. ಆಗ ಪುಟ್ಟ ಮಗಳು ಶಕ್ಕು ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದಳು. ತಾಯಿ ಮಾತು ಮಾತಿಗೂ 'ಹ್ಞೂಂ' ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತಿತ್ತು.

ಶಕ್ಕು ಬೆಳೆದು ರಾಕ್ ಹಾಡುಗಾರ್ತಿಯಾದಳು. ಅವಳ ತಂಡದ ಆಲ್ಬಮ್ಮು ಧ್ವನಿಮುದ್ರಣವಾದದ್ದು ಖಾಲಿ ಬಿದ್ದಿದ್ದ ಒಂದು ಅರಳೆ ಗೋದಾಮಿನಲ್ಲಿ. ಡ್ರಮ್ಮಿಗೆ ಒಂದು ಪೆಟ್ಟು ಬಿದ್ದರೆ ತಗಡಿನ ಮಾಡು ನಾಲ್ಕು ಸಲ ಮಾರುತ್ತರ ಕೊಡುತ್ತಿತ್ತು. ಡ್ರಮ್ ಬಾರಿಸುವ ವಿನ್ಸೆಂಟನಿಗೆ ಅದೇ ಖುಷಿ.

ಬುತ್ತಿ ತಂದ ನೀಲವ್ವ ಬಾಗಿಲಲ್ಲೇ ನಿಂತು ಕೇಳಿದಳು. "ಏನ್ ಹಾಡಾಕತ್ತೀ ಲೇ? ಒಂದ್ ಮಾತೂ ತಿಳೀವಲ್ದು. ಬಾವ್ಯಾಗ ಬಿದ್ದಾಕಿ ಕೂಗಿದಂಗ ಐತಿ!"

ಶಕ್ಕುವಿನ ಮುಖ ಸಣ್ಣಗಾಯಿತು. ಆ ಹಾಡನ್ನು ಅವಳು ಬರೆದದ್ದೇ ತಾಯಿಯ ಮೇಲೆ.

ಧ್ವನಿಮುದ್ರಣ ಮಾಡುತ್ತಿದ್ದ ಮಾಬೂಸಾಬ ನಕ್ಕ. "ಗ್ವಾಡಿ ಬಾಯಿ ಮುಚ್ಚಸೋಣ್ರೀ ಅವ್ವಾರ. ದಪ್ಪನ್ನ ಕೌದಿ ಇದ್ರ ತರ್ರಿ."

"ಅಡಗಿಮನಿ ಬ್ಯಾಂಡ್ ಮಾಡ್ತೀ ಏನ್ ನಮ್ಮನ್ನ?" ವಿನ್ಸೆಂಟ ರೇಗಿದ.

"ನಿನ್ನ ಡ್ರಮ್ ಗುಡುಗ್ಲಿ ಬಿಡಪಾ, ಅದನ್ನ ಬ್ಯಾರೆ ರೆಕಾರ್ಡ್ ಮಾಡ್ಕೊಂತೀನಿ. ಹಾಡಿನ ಮಾತಷ್ಟ ಮನ್ಯಾಗ ಆಡಿದಂಗ ಕೇಳ್ಲಿ," ಅಂದ ಮಾಬೂಸಾಬ.

ನೀಲವ್ವ ಮನೆಯಿಂದ ನನ್ನನ್ನು ತಂದಳು, ಆದರೆ ತೂಗುಹಾಕಲು ಕಲ್ಲಿನ ಗೋಡೆಗೆ ಮೊಳೆ ಇಳಿಯಲಿಲ್ಲ. ನೀಲವ್ವನೇ ಮಗಳ ಬೆನ್ನ ಹಿಂದೆ ನನ್ನನ್ನು ಎತ್ತಿ ಹಿಡಿದು ನಿಂತಳು. ಗೋಡೆಯ ಮಾರುತ್ತರಗಳನ್ನೆಲ್ಲ ನಾನು ನುಂಗಿದೆ. ಶಕ್ಕುವಿನ ಉಸಿರು, ಒಂದೊಂದು ಮಾತು, ಎಲ್ಲವೂ ನೇರ ಟೇಪಿಗೆ ಹೋದವು. ಮೊದಲ ಸಾಲು ಮುಗಿಯುತ್ತಲೇ ನನ್ನ ಅಂಚಿನ ಮೇಲಿಂದ ನೀಲವ್ವ 'ಹ್ಞೂಂ' ಅಂದಳು. ಪ್ರತಿ ಸಾಲಿಗೂ ಅಂದಳು. ಶಕ್ಕು ನಿಲ್ಲಿಸಲಿಲ್ಲ, ಕಥೆ ಹೇಳುವವಳಂತೆ ಹಾಡಿ ಮುಗಿಸಿದಳು.

"ಆ ಹ್ಞೂಂ ಅಳಸ್ರಪಾ," ಅಂದ ವಿನ್ಸೆಂಟ.

ಮಾಬೂಸಾಬ ಅಡ್ಡಡ್ಡ ತಲೆಯಾಡಿಸಿದ. "ಅದನ್ನ ಅಳಿಸಿದ್ರ ಹಾಡು ನಿಂದ್ರತೈತಿ."

ಆಮೇಲೆ ಮಾಬೂಸಾಬ ತನ್ನದೇ ಸ್ಟುಡಿಯೋ ತೆರೆದು ನನ್ನನ್ನು ಬೇಡಿ ಒಯ್ದ; ಇಪ್ಪತ್ತು ವರ್ಷ ಅಲ್ಲೇ ತೂಗಾಡಿದೆ. ಅವನು ಅಂಗಡಿ ಮುಚ್ಚಿದಾಗ ಶಕ್ಕು ನನ್ನನ್ನು ಮನೆಗೆ ತಂದಳು. ಅಷ್ಟರಲ್ಲಿ ನೀಲವ್ವ ತೀರಿಹೋಗಿದ್ದಳು.

ಮೊನ್ನೆ ಆ ಹಳೆಯ ಆಲ್ಬಮ್ಮನ್ನು ಮತ್ತೆ ಹೊರತರಲು ಹೊರಟಿರುವ ಕಂಪನಿಯವನೊಬ್ಬ ಬಂದು ಹಾಡು ಕೇಳಿಸಿದ. ಶಕ್ಕುವಿನ ಮಡಿಲಲ್ಲಿ ನಾನಿದ್ದೆ. ಮೊದಲ ಸಾಲು ಮುಗಿಯಿತು. ಏನೂ ಬರಲಿಲ್ಲ.

"ಅವ್ವ ಎಲ್ಲಿ?"

"ಯಾವ ಅವ್ವ ಮೇಡಂ? ಹಿಂದೆ ಏನೋ ಗೊಣಗು ಇತ್ತು, ಕ್ಲೀನ್ ಮಾಡಿದೆ."

"ಆಕಿ ವಾಪಸ್ ಬರೂತನಕ ನಾ ಸಹಿ ಹಾಕಂಗಿಲ್ಲ."

ನನ್ನ ದಾರ ಈಗ ಬಿಟ್ಟಿದೆ, ಒಂದು ಮೂಲೆ ಇಲಿಯ ಪಾಲಾಗಿದೆ. ಎಷ್ಟೋ ಸದ್ದು ನುಂಗಿದ್ದೇನೆ. ಒಂದನ್ನೂ ತಿರುಗಿ ಕೊಡಲು ನನಗೆ ಬಾರದು. ಟೇಪಿಗೆ ಆ ವಿದ್ಯೆ ಬರುತ್ತದೆ.

ಸೋಮವಾರ ಕಂಪನಿಯವನು ಮತ್ತೆ ಬಂದು ಹಾಡು ಹಚ್ಚಿದ. ಮೊದಲ ಸಾಲು ಮುಗಿಯಿತು. ಶಕ್ಕುವಿನ ಬೆರಳುಗಳು ನನ್ನ ಹೊಲಿಗೆಯನ್ನು ಬಿಗಿಯಾಗಿ ಹಿಡಿದವು.

'ಹ್ಞೂಂ' ಅಂದಳು ನೀಲವ್ವ.

ಹಾಡು ಮುಂದೆ ಸಾಗಿತು.